ದೇವರೆತ್ತನ್ನೇ ತಡೆದ ಯರ್ರಮ್ಮ

ಮೂಡಲ ಇನ್ನೂ ಸರಿಯಾಗಿ ಕೆಂಪೇರಿಲ್ಲ. ತಳಕು ದಾಟಿ ಮೊಳಕಾಲ್ಮುರಿನ ಕಡೆ ಹೊರಟ ನಮ್ಮ ಗಾಡಿ ಬಿಳಿಕಲ್ಲಹಟ್ಟಿಯ ತಿರುವಿನಲ್ಲಿ ಗಕ್ಕನೆ ನಿಲ್ಲುತ್ತದೆ. ದಾರಿಗೆ ಅಡ್ಡವಾಗಿ ಕಾರೆ, ಜಾಲಿಯ ಮುಳ್ಳುಕೊಂಬೆಗಳ ರಾಶಿ ಬಿದ್ದಿದೆ. ಅದರಾಚೆ ಒಬ್ಬ ಹೆಂಗಸು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಇನ್ನೊಂದು ಕೊಂಬೆಯನ್ನು ದರದರ ಎಳೆದುಕೊಂಡು ಬರುತ್ತಿದ್ದಾಳೆ. ನಮ್ಮನ್ನು ಕಂಡು ಕೊಂಬೆ ಬಿಡುವುದಿಲ್ಲ, ಯಾರು ಏನು ಎಂದು ವಿಚಾರಿಸುವುದಿಲ್ಲ. "ಎತ್ತು ಎಲ್ಲೀವು?" ಎಂದಷ್ಟೇ ಕೇಳುತ್ತಾಳೆ.

ನನ್ನ ಗಾಡಿ ಹೊಡೆಯುವ ಯತ್ತಪ್ಪ ಚಳ್ಳಕೆರೆಯವನು, ಬಾಯಿ ಜೋರು. "ಎಲ್ಲೀವಾದ್ರೆ ನಿನಗೇನವ್ವ? ದಾರಿ ಬಿಡು. ಒಳಗೆ ಕುಂತೋರು ಪೇಪರಿನೋರು, ದೊಡ್ಡ ದೊಡ್ಡ ಸಾಹೇಬರ ಹತ್ರ ಮಾತಾಡೋರು!" ಎನ್ನುತ್ತಾನೆ. ನಾನು ಯಾವ ಸಾಹೇಬರ ಹತ್ತಿರವೂ ಮಾತಾಡಿದವನಲ್ಲ. ಆದರೆ ಅಂಥ ಹೊತ್ತಿನಲ್ಲಿ ಯತ್ತಪ್ಪನನ್ನು ತಿದ್ದಲು ಯಾರಿಗೆ ಮನಸ್ಸು ಬರುತ್ತದೆ?

"ಪೇಪರಿನೋರಿಗೆ ಗೊರಸಿಲ್ಲ, ಅವರು ಬರಬೋದು," ಎನ್ನುತ್ತಾಳೆ ಆಕೆ. "ಎತ್ತು ಬರಂಗಿಲ್ಲ. ಗಾಡಿ ಬರಂಗಿಲ್ಲ. ಗಾಡ್ಯಾಗಿನ ಹುಲ್ಲೂ ಬರಂಗಿಲ್ಲ." ಆಮೇಲೆ ನನ್ನ ಕಾಲು ನೋಡುತ್ತಾಳೆ. "ಆ ಮೆಟ್ಟೂ ಬರಂಗಿಲ್ಲ. ಚರ್ಮ."

"ಇದು ಬೆಂಗಳೂರು ದಂಡಿನ ಅಂಗಡಿಯದು!" ಎಂದು ನಾನು ಗುಡುಗುತ್ತೇನೆ.

"ಯಾವೂರು ದನದ್ದು ಅಂತ ಅಂಗಡ್ಯೋನು ಹೇಳ್ಯಾನೇನು ಸ್ವಾಮಿ?"

ಹೇಳಿಲ್ಲ. ಮೆಟ್ಟನ್ನು ಗಾಡಿಯಲ್ಲಿ ಬಿಟ್ಟು, ಮುಳ್ಳಿನ ಸಂದಿಯಲ್ಲಿ ಪಂಚೆ ಎತ್ತಿಕೊಂಡು ದಾಟುತ್ತೇನೆ. ದಾಟಿದವನ ಕಾಲಿಗೆ ಆಕೆ ಮಡಕೆಯಿಂದ ಬೂದಿ ಕಲಸಿದ ನೀರು ಸುರಿಯುತ್ತಾಳೆ. ಚುರುಚುರು ಉರಿಯುತ್ತದೆ. ಕೈಗೂ ಸುರಿಯುತ್ತಾಳೆ, ಪಂಚೆಯ ಅಂಚಿಗೂ ಸುರಿಯುತ್ತಾಳೆ. ಬೆಳ್ಳಂಬೆಳಗ್ಗೆ ಇಷ್ಟು ಮರ್ಯಾದೆ ನನಗೆ ಎಲ್ಲಿಯೂ ಆಗಿರಲಿಲ್ಲ.

ಈಕೆಯ ಹೆಸರು ಯರ್ರಮ್ಮ. ಬಿಳಿಕಲ್ಲಹಟ್ಟಿಯ ಕಿಲಾರಿ ಸೂರಪ್ಪನ ಹೆಂಡತಿ. ನಾನು ಹೊರಟಿದ್ದು ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗಗಳ ಬಗ್ಗೆ ಬರೆಯಲು. ಸೀರೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಈ ಜಗಳಗಂಟಿ ಏನನ್ನು ಕಾಯುತ್ತಿದ್ದಾಳೆ ನೋಡೋಣ ಎಂದು ಅಂದು ಅಲ್ಲೇ ಉಳಿದುಬಿಡುತ್ತೇನೆ.

ಹಟ್ಟಿ ದನ ಸಾಕಿ ಬದುಕುವ ಮ್ಯಾಸನಾಯಕರದು. ಗುಡ್ಡದ ಬುಡದಲ್ಲಿ ಗುಡಿಸಲುಗಳು, ಅವುಗಳಿಂದ ಕೂಗಳತೆ ದೂರದಲ್ಲಿ ಸುತ್ತಲೂ ಮುಳ್ಳು ಕಟ್ಟಿದ ದೊಡ್ಡ ರೊಪ್ಪ. ರೊಪ್ಪದಲ್ಲಿರುವುದು ದೇವರ ದನ. ಈ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ, ಇವನ್ನು ಮಾರುವುದಿಲ್ಲ, ಹೊಡೆಯುವುದಿಲ್ಲ. ಇವು ಬದುಕಿದ್ದರೆ ಹಟ್ಟಿ ಬದುಕಿದಂತೆ, ಅಷ್ಟೇ. ಇವನ್ನು ಕಾಯುವವನು ಕಿಲಾರಿ. ಕಿಲಾರಿಯಾದವನು ಮನೆಯಲ್ಲಿ ಮಲಗುವಂತಿಲ್ಲ, ಸಾವಿನ ಮನೆಗೆ, ಹೆರಿಗೆಯ ಮನೆಗೆ ಹೋಗುವಂತಿಲ್ಲ, ಕಂಡವರನ್ನು ಮುಟ್ಟುವಂತಿಲ್ಲ. ಅವನ ಮೈಯೇ ದೇವರಿಗೆ ಮೀಸಲು. ಸೂರಪ್ಪ ರೊಪ್ಪದೊಳಗೇ ಇರುತ್ತಾನೆ. ಜನ ಅವನನ್ನು ದೂರದಿಂದ ಕೈಮುಗಿದು ಮಾತಾಡಿಸುತ್ತಾರೆ. ಅವನ ಹೆಂಡತಿಯನ್ನು ಯಾರೂ ಕೈಮುಗಿದು ಮಾತಾಡಿಸುವುದಿಲ್ಲ. ಈಚೆಗಂತೂ ಬೈದು ಮಾತಾಡಿಸುತ್ತಾರೆ.

ಯಾಕೆಂದರೆ ಕೀಲಕ ಸಂವತ್ಸರದ ಈ ಬೇಸಿಗೆಯಲ್ಲಿ ಸೀಮೆಗೆ ದೊಡ್ಡಬೇನೆ ಬಂದಿದೆ. ಪರಶುರಾಂಪುರದ ಆಚೆಯ ಹಳ್ಳಿಗಳಲ್ಲಿ ಹಿಡಿದದ್ದು ದೇವಸಮುದ್ರದ ಕಡೆಗೂ ಹಬ್ಬಿದೆ ಎಂದು ಸುದ್ದಿ. ದನದ ಕಣ್ಣು ಸೋರುತ್ತದೆ, ಬಾಯೊಳಗೆ ಹುಣ್ಣೇಳುತ್ತದೆ, ಮೆಲುಕು ನಿಲ್ಲುತ್ತದೆ, ಆಮೇಲೆ ಭೇದಿ. ನಿಂತ ದನ ಕೂತರೆ ಮತ್ತೆ ಏಳುವುದು ಅಪರೂಪ. ದನ ಸಾಗಿಸಬೇಡಿ, ಸತ್ತದ್ದನ್ನು ಆಳವಾಗಿ ಹೂಳಿ ಎಂದು ಅಮಲ್ದಾರರ ಕಚೇರಿಯಿಂದ ಡಂಗುರ ಹೊಡೆಸಿದ್ದಾರೆ. ತಮಟೆಯವನು ಹೊಡೆದು ಹೋದ, ಜನ ಕೇಳಿ ಹೋದರು, ದನಗಳೂ ತಮ್ಮ ಪಾಡಿಗೆ ನಡೆದು ಹೋದವು. ಬಿಳಿಕಲ್ಲಹಟ್ಟಿಯಲ್ಲಿ ಆ ಡಂಗುರವನ್ನು ಮನಸ್ಸಿಗೆ ಹಾಕಿಕೊಂಡವಳು ಇವಳೊಬ್ಬಳು.

"ನಮ್ಮನೇರಿಗೆ ಮೀಸಲು ಐತಲ್ಲ, ಅದನ್ನೇ ದನಕ್ಕೂ ಮಾಡಿದೆ," ಎನ್ನುತ್ತಾಳೆ. "ಕಂಡೋರು ಕಿಲಾರೀನ ಮುಟ್ಟಂಗಿಲ್ಲ ಅಂದ್ರೆ, ಕಂಡ ದನ ನಮ್ಮ ದನಾನ ಯಾಕೆ ಮುಟ್ಟಬೇಕು? ಹೊಸದೇನಲ್ಲ ಸ್ವಾಮಿ."

ಹೊಸದಲ್ಲ ಎಂದು ಇವಳು ಹೇಳುತ್ತಾಳೆ, ಹಟ್ಟಿ ಒಪ್ಪುವುದಿಲ್ಲ. ನಾಲ್ಕು ಹಟ್ಟಿಯ ದನ ನೀರು ಕುಡಿಯುವ ಕಟ್ಟೆಗೆ ಇಲ್ಲಿನ ದನ ಹೋಗಕೂಡದು ಎಂದು ಹಟ ಹಿಡಿದು, ಬಾವಿಯಿಂದ ಸೇದಿ ರೊಪ್ಪದ ಬಾನಿಗೆ ತಾನೇ ಹೊರುತ್ತಾಳೆ. ಹೆಗಲ ಮೇಲೆ ಬಿಂದಿಗೆಯ ಕಪ್ಪು ಗುರುತು ಬಿದ್ದಿದೆ. ಹೊರಗಿನ ಹುಲ್ಲು ತರಿಸುವುದಿಲ್ಲ. ನಾಯಿಗಳನ್ನು ಕಟ್ಟಿಹಾಕಿಸಿದ್ದಾಳೆ, ಸತ್ತ ದನ ಎಳೆದಾಡಿ ಬಂದಾವೆಂದು. ಬೀಗರು ಬಂದರೆ ಹಗ್ಗ, ಕೋಲು ಎಲ್ಲ ಹೊರಗೇ ಇಡಬೇಕು. "ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ" ಎಂದು ಆಡಿಕೊಳ್ಳದ ಬಾಯಿಲ್ಲ. ಪಾಪಕ್ಕನೆಂಬ ನೆರೆಯವಳು, ತನ್ನ ಮಗಳ ಸೀಮಂತಕ್ಕೆ ಬಂದ ಬೀಗರ ಕಾಲಿಗೆ ಬೂದಿನೀರು ಸುರಿದಳೆಂದು, ಇವಳ ಹತ್ತಿರ ಮಾತು ಬಿಟ್ಟಿದ್ದಾಳೆ.

ಹೊತ್ತು ಹುಟ್ಟುತ್ತಿದ್ದಂತೆ ಯರ್ರಮ್ಮ ಗಂಡನ ಬುತ್ತಿಯನ್ನು ರೊಪ್ಪದ ಹೊರಗಿನ ಬಂಡೆಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಸೂರಪ್ಪ ಬಂದು ತೆಗೆದುಕೊಳ್ಳುತ್ತಾನೆ. ನಡುವೆ ಒಂದು ಗದ್ದೆಯಷ್ಟು ಬಯಲು. ಇಬ್ಬರೂ ಕೂಗಿ ಮಾತಾಡುತ್ತಾರೆ.

"ಮೆಲುಕು?"

"ಹಾಕ್ತಾವೆ!"

"ಕಣ್ಣು?"

"ಒಣಗ್ಯಾವೆ!"

"ಸಗಣಿ?"

"ಗಟ್ಟಿ!"

ಲೋಕದಲ್ಲಿ ಗಂಡಹೆಂಡಿರು ಬೆಳಗಾಗೆದ್ದು ಏನೇನೋ ಮಾತಾಡಿಕೊಳ್ಳುತ್ತಾರೆ. ಇವರದು ಇಷ್ಟು. ಕೊನೆಯ ಉತ್ತರ ಕೇಳುವವರೆಗೆ ಆಕೆ ಉಸಿರು ಹಿಡಿದು ನಿಂತಿರುವುದು ನನಗೆ ಕಾಣುತ್ತದೆ. ಕೇಳಿದ ಮೇಲೆ ಮುಖ ಸಡಿಲಾಗುತ್ತದೆ, ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋಗುತ್ತಾಳೆ.

ಇವಳಿಗೆ ಎಲ್ಲ ತಿಳಿದಿದೆ ಎಂದು ಓದುಗರು ಭಾವಿಸಬಾರದು. ಕಾಗೆ ಕಂಡರೆ ಕಲ್ಲು ಬೀರುತ್ತಾಳೆ. ಪಡುವಣ ಗಾಳಿ ಬೀಸಿದರೆ ಬೇವಿನ ಹೊಗೆ ಹಾಕುತ್ತಾಳೆ. ಮೊನ್ನೆ ಪಾಪ, ಒಬ್ಬ ಬಳೆಗಾರನನ್ನು ಸುಮ್ಮನೆ ಓಡಿಸಿದ್ದಾಳೆ. ಬಳೆಗೂ ಬೇನೆಗೂ ಏನು ಸಂಬಂಧ ಎಂದು ಕೇಳುತ್ತೇನೆ.

"ನನಗೇನು ಗೊತ್ತು ಸ್ವಾಮಿ? ಗೊರಸಿನಾಗೆ ಬರ್ತೈತೋ, ಜೊಲ್ಲಿನಾಗೆ ಬರ್ತೈತೋ, ಬಳೆ ಮಲಾರದಾಗೆ ಬರ್ತೈತೋ. ಕಣ್ಣಿಗೆ ಕಾಣೋದಾದ್ರೆ ಕೋಲು ತಗಂಡು ಹೊಡೀತಿದ್ದೆ. ಕಾಣಲ್ಲ. ಅದಕ್ಕೇ ಇದ್ದ ದಾರಿ ಎಲ್ಲಾ ಮುಚ್ಚೋದು. ಕೋಟೆ ಕೊಳ್ಳೆ ಹೋದ ಮ್ಯಾಲೆ ದಿಡ್ಡಿ ಬಾಗಿಲು ಹಾಕಿದ್ರೆ ಏನ್ ಬಂತು?"

ಈ ಭಯ ಎಲ್ಲಿಂದ ಬಂತು ಎಂದು ಕೇಳಿದಾಗ ಮೊದಲು ಮಾತು ಹಾರಿಸುತ್ತಾಳೆ. ಬಾವಿಯ ಕಟ್ಟೆಗೆ ಬಂದು ಕೂತ ಮೇಲೆ, ಹಗ್ಗದ ಸಿಕ್ಕು ಬಿಡಿಸುತ್ತ, ನನ್ನ ಮುಖ ನೋಡದೆ ಹೇಳುತ್ತಾಳೆ.

ಧಾತು ವರ್ಷದ ಬರದಲ್ಲಿ ಇವಳು ಅವ್ವನ ಕಂಕುಳ ಕೂಸು. ಮೈನೆರೆದ ಮೇಲೆ ಈ ಹಟ್ಟಿಗೆ ಮದುವೆಯಾಗಿ ಬಂದಳು. ಆಗ ಕಿಲಾರಿ ಇವಳ ಮಾವ. ಈ ಜನರಲ್ಲಿ ಒಂದು ನಡಾವಳಿ ಇದೆ. ಬೇರೆ ಹಟ್ಟಿಯ ದೇವರೆತ್ತು ಬಾಗಿಲಿಗೆ ಬಂದರೆ ಇಲ್ಲವೆನ್ನಬಾರದು. ಹೆಂಗಸರು ಬಿಂದಿಗೆ ತಂದು ಗೊರಸು ತೊಳೆಯಬೇಕು. ತೊಳೆದ ನೀರನ್ನು ಕಂಚಿನ ಗಂಗಾಳದಲ್ಲಿ ಹಿಡಿದು, ಬೇವಿನ ಸೊಪ್ಪಿನಿಂದ ತಮ್ಮ ರೊಪ್ಪದ ಪ್ರತಿ ದನದ ಮೇಲೂ ಚಿಮುಕಿಸಬೇಕು. ಅದು ತೀರ್ಥ. ಅದರಿಂದ ದನ ಹೆಚ್ಚುತ್ತದೆ ಎಂದು ನಂಬಿಕೆ. ಆ ವರ್ಷ ಅತಿಥಿ ಎತ್ತುಗಳು ಬಂದಾಗ ಹೊಸ ಮದುಮಗಳೆಂದು ಗಂಗಾಳವನ್ನು ಇವಳ ಕೈಗೆ ಕೊಟ್ಟರು.

"ಒಂದನ್ನೂ ಬಿಡಲಿಲ್ಲ ಸ್ವಾಮಿ. ಮೂತಿಗೆಲ್ಲ ಚಿಮುಕ್ಸಿದೆ. ಎಷ್ಟು ಖುಷಿ ನನಗೆ! ಬಂದ ಎತ್ತಿಗೆ ಮೈ ಬೆಚ್ಚಗಿತ್ತು, ಮೂಗು ಸೋರ್ತಿತ್ತು, ದಾರಿ ಧೂಳು ಅಂದ್ರು. ಆ ವಾರ ಕಳೀಲಿಲ್ಲ. ಒಂದೊಂದೇ ಕುಂತ್ವು. ರೊಪ್ಪ ಖಾಲಿ ಆತು. ಗುಡ್ಡದ ಮ್ಯಾಲೆ ಬ್ಯಾರೆ ಕಟ್ಟಿದ್ದ ಕರ ಮಾತ್ರ ಉಳ್ಕಂಡ್ವು. ಬಿಸಿಲಿತ್ತು, ಅಲ್ಲೀಗಂಟ ಯಾರು ಹತ್ತಬೇಕು ಅಂತ ನಾ ನೀರು ಒಯ್ದಿರಲಿಲ್ಲ."

ಹಟ್ಟಿಯವರು ಏನಂದರು? "ಮೈಲಿಗೆ ಕೈಲಿ ತೀರ್ಥ ಮುಟ್ಟಿದಳು, ದೇವರು ಮುನೀತು ಅಂದ್ರು. ನಾನೂ ಹಂಗೇ ಅಂದ್ಕಂಡು ವರ್ಷಗಟ್ಲೆ ಅತ್ತೆ. ಆಮ್ಯಾಲೆ ಒಂದಿನ ಯೋಚನೆ ಬಂತು, ಮುನಿಸು ನನ್ನ ಮ್ಯಾಲಾದ್ರೆ ನನ್ನ ಕೊಲ್ಲಬೇಕಿತ್ತು. ಗುಡ್ಡದ ಕರ ಯಾಕೆ ಉಳದ್ವು? ನೀರು ಹೋಗಿರಲಿಲ್ಲ ಅದಕ್ಕೆ." ಈಗ ರೊಪ್ಪದಲ್ಲಿರುವುದೆಲ್ಲ ಆ ಗುಡ್ಡದ ಕರುಗಳ ಸಂತಾನ. ಇನ್ನೊಮ್ಮೆ ಖಾಲಿಯಾದರೆ ಬಿಳಿಕಲ್ಲಹಟ್ಟಿಗೆ ಬೇರೆ ತಳಿ ಇಲ್ಲ, ದೇವರ ದನ ದುಡ್ಡಿಗೆ ಸಿಗುವಂಥದ್ದೂ ಅಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮುಳ್ಳಿನ ಕಡೆಯಿಂದ ಯತ್ತಪ್ಪ ಬೊಬ್ಬೆ ಹಾಕುತ್ತಾನೆ. ದೂರದಲ್ಲಿ ಧೂಳು ಎದ್ದಿದೆ. ಯರ್ರಮ್ಮ ಹಗ್ಗ ಬಿಸಾಕಿ ಓಡುತ್ತಾಳೆ, ಬರಿಗಾಲಿನ ನಾನು ಅಯ್ಯೋ ಅಮ್ಮಾ ಎನ್ನುತ್ತ ಹಿಂದೆ.

ಬರುತ್ತಿರುವುದು ಮೂರು ಎತ್ತು. ಒಂದು ಮುದಿಯದು, ಕೊಂಬಿಗೆ ಕಟ್ಟಿದ ಕೆಂಪು ಬಟ್ಟೆ ಮಾಸಿದೆ. ಒಂದು ನಡುವಯಸ್ಸಿನದು, ಇನ್ನೊಂದು ಎಳೆಯ ಹೋರಿ. ಹಿಂದೆ ಕಂಬಳಿ ಹೊದ್ದ ಗಂಡಸು, ಕಾಲಲ್ಲಿ ಮೆಟ್ಟಿಲ್ಲ, ತಲೆಗೂದಲು ಕೆದರಿದೆ. ಅವನನ್ನು ಕಂಡದ್ದೇ ಯರ್ರಮ್ಮ ಎದೆ ಹಿಡಿದುಕೊಳ್ಳುತ್ತಾಳೆ. ಅವನು ಜಂಪಣ್ಣ. ಪರಶುರಾಂಪುರದಾಚೆಯ ತುಮ್ಮಲಹಟ್ಟಿಯ ಕಿಲಾರಿ, ಇವಳ ಒಡಹುಟ್ಟಿದ ಅಣ್ಣ.

"ಯರ್ರೀ, ಮುಳ್ಳು ತೆಗಿ," ಎನ್ನುತ್ತಾನೆ. ದನಿ ಒಡೆದಿದೆ. "ಎಲ್ಲಾ ಹೋದ್ವು. ಇವು ಮೂರೇ ಉಳದಾವೆ. ಅಲ್ಲೇ ಇದ್ರೆ ಇವೂ ಹೋಗ್ತಾವೆ. ನಿನ್ನ ಹತ್ರ ತಂದೆ."

"ವದ್ದನ್ನಾ," ಎನ್ನುತ್ತಾಳೆ ಇವಳು ಮನೆಮಾತಾದ ತೆಲುಗಿನಲ್ಲಿ. "ಬ್ಯಾಡ. ಅಲ್ಲೇ ನಿಲ್ಲು. ಮುಂದಕ್ಕೆ ಬರಬ್ಯಾಡ."

ಅವನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೆರಡು ಹೆಜ್ಜೆ ಬರುತ್ತಾನೆ. ಇವಳು ಕೋಲೆತ್ತುತ್ತಾಳೆ, ಅಣ್ಣನ ಮೇಲೆ! ಅವನು ನಿಂತುಬಿಡುತ್ತಾನೆ. ಮುದಿ ಎತ್ತಿನ ಕಣ್ಣಿನಿಂದ ಕೆನ್ನೆಯುದ್ದಕ್ಕೂ ಕೀವು ಇಳಿದಿರುವುದು, ಬಾಯಿಂದ ಜೊಲ್ಲು ನೂಲಿನಂತೆ ಇಳಿಬಿದ್ದಿರುವುದು ನನಗೂ ಕಾಣುತ್ತದೆ. ನನ್ನ ಯತ್ತಪ್ಪನಿಗೂ ಕಾಣುತ್ತದೆ. ಅವನು ಒಂದು ಮಾತಿಲ್ಲದೆ ತನ್ನ ಎತ್ತು ಹೂಡಿಕೊಂಡು ಹೊಲದ ಮೇಲೆ ಹಾಯಿಸಿ ತಳಕಿನ ಕಡೆ ಪರಾರಿಯಾಗುತ್ತಾನೆ. ನನ್ನ ಮೆಟ್ಟೂ ಹೋಯಿತು. ಅವನನ್ನು ಬೈಯಲು ಈಗ ನನಗೆ ಬಾಯಿಲ್ಲ.

ಸುದ್ದಿ ಹಟ್ಟಿಗೆ ಮುಟ್ಟಲು ಎಷ್ಟು ಹೊತ್ತು? ಹೆಂಗಸರು ಬಿಂದಿಗೆ ಹೊತ್ತು ಬರುತ್ತಾರೆ, ಪಾಪಕ್ಕನೇ ಮುಂದೆ. ಯರ್ರಮ್ಮನ ಅತ್ತೆ ಜೋಗಮ್ಮನ ಕೈಯಲ್ಲಿ ಕಂಚಿನ ಗಂಗಾಳ ಇದೆ. ಹಟ್ಟಿಯ ಯಜಮಾನ, ವರಸೆಯಲ್ಲಿ ಇವಳಿಗೆ ಮಾವನಾಗುವ ಗಾದ್ರಪ್ಪ ಕೋಲೂರಿಕೊಂಡು ಬರುತ್ತಾನೆ. ಮುಳ್ಳಿನ ಈಚೆ ಹಟ್ಟಿ, ಆಚೆ ಮೂರು ಎತ್ತು, ನಡುವೆ ಈ ಹೆಂಗಸು.

"ತೆಗಿಯವ್ವ ಮುಳ್ಳು," ಎನ್ನುತ್ತಾನೆ ಗಾದ್ರಪ್ಪ, ಮೆಲ್ಲಗೆ. "ದೇವರು ಬಾಗಲಿಗೆ ಬಂದೈತೆ."

"ರೋಗ ಬಂದೈತೆ ಮಾವಾ. ಅದರ ಕಣ್ಣು ನೋಡು."

"ನನಗೂ ಕಣ್ಣೈತೆ. ದೇವರೆತ್ತಿನ ಕಾಲು ತೊಳೀದೆ ಹಿಂದಕ್ಕೆ ಕಳಿಸಿದ ಹಟ್ಟಿ ಈ ಸೀಮ್ಯಾಗೆ ಯಾವುದೈತೆ, ಹೇಳು. ನಾಳೆ ನಾವು ಯಾರ ಬಾಗಲಿಗೆ ಹೋಗಾನ?"

ಅವನ ಮಾತಿನಲ್ಲಿ ಸುಳ್ಳಿಲ್ಲ. ಬರದಲ್ಲಿ, ಯುದ್ಧದಲ್ಲಿ ಈ ಹಟ್ಟಿಗಳು ಉಳಿದುಕೊಂಡದ್ದೇ ಒಂದರ ದನವನ್ನು ಇನ್ನೊಂದು ಹಟ್ಟಿ ಕಾಪಾಡಿದ್ದರಿಂದ. ಜಂಪಣ್ಣ ನಂಬಿಕೊಂಡು ಬಂದದ್ದು ಅದನ್ನೇ. ಅವನು ಈಗ ನೆಲಕ್ಕೆ ಕುಸಿದು ಕೂತು, ತಂಗಿಯನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. "ನಮ್ಮವ್ವನ ಹೊಟ್ಟ್ಯಾಗೆ ಯಾಕೆ ಹುಟ್ಟಿದ್ಯೇ ಪಾಪಿ! ನಾ ಕುಡಿಯಾಕೆ ನೀರು ಕೇಳಿದ್ನಾ? ಇವಕ್ಕೆ ಕೇಳ್ತಾ ಇದೀನಿ!"

ಜೋಗಮ್ಮನ ಮಾತು ಇನ್ನೂ ಹರಿತ. "ಅವತ್ತೂ ನಿನ್ನ ಕೈಯಿಂದಲೇ ಆತು. ಇವತ್ತೂ ನೀನೇ ಅಡ್ಡ ನಿಂತೀಯಾ? ಸರಿಯೇ ಆಚೆ!"

ಯರ್ರಮ್ಮ ಅಳುತ್ತಿದ್ದಾಳೆ. ಕೋಲು ಮಾತ್ರ ಇಳಿಸಿಲ್ಲ. ಪಾಪಕ್ಕ ಬಿಂದಿಗೆ ಹಿಡಿದು ಒಂದು ಕೊಂಬೆಯನ್ನು ಕಾಲಿನಿಂದ ಸರಿಸುತ್ತಾಳೆ. ಅಷ್ಟರಲ್ಲಿ ಹಿಂದೆ ನಿಂತವರೆಲ್ಲ ತಿರುಗಿ ನೋಡುತ್ತಾರೆ. ರೊಪ್ಪದ ಬಾಗಿಲು ತೆರೆದು ಸೂರಪ್ಪ ಹೊರಗೆ ಬಂದಿದ್ದಾನೆ. ಬಂದ ದೇವರೆತ್ತನ್ನು ಕಿಲಾರಿ ತಬ್ಬಿ ಬರಮಾಡಿಕೊಳ್ಳಬೇಕು, ಅದೂ ನಡಾವಳಿಯೇ. ತಬ್ಬಿದ ಮೈಯಲ್ಲೇ ಅವನು ರೊಪ್ಪಕ್ಕೆ ಹಿಂದಿರುಗಬೇಕು. ಅವನು ಬಯಲಿನ ನಡುವೆ ನಿಂತು ಹೆಂಡತಿಯನ್ನು ನೋಡುತ್ತಾನೆ, ಎತ್ತುಗಳನ್ನು ನೋಡುತ್ತಾನೆ. ಒಂದು ಹೆಜ್ಜೆ ಮುಂದಿಡುತ್ತಾನೆ. ಬೆಳಗ್ಗೆ ತಾನೇ ಕಂಡ ಜನ, ಬೆಳಗ್ಗೆ ತಾನೇ ಕೇಳಿದ ದನ, ಆದರೂ ಆ ಹೆಜ್ಜೆ ನನ್ನ ಎದೆಯ ಮೇಲಿಟ್ಟಂತಾಗುತ್ತದೆ.

"ನೀ ಬರಬ್ಯಾಡ!" ಎಂದು ಯರ್ರಮ್ಮ ಕಿರುಚುತ್ತಾಳೆ. "ನಾ ಹೋಗ್ತೀನಿ."

ಯಾರಿಗೂ ಅರ್ಥವಾಗುವುದಿಲ್ಲ. ಆಕೆ ಗಾದ್ರಪ್ಪನ ಕಡೆ ತಿರುಗುತ್ತಾಳೆ. "ಮಾವಾ, ಹಟ್ಟಿ ಹೆಂಗಸು ಕಾಲು ತೊಳೀಬೇಕು, ಸರಿ. ಉಪ್ಪು ನೀರು ಕೊಡಬೇಕು, ಸರಿ. ಮುಳ್ಳಿನ ಈಚೇನೇ ತೊಳೀಬೇಕು ಅಂತ ಯಾವ ಹಿರೇರು ಹೇಳ್ಯಾರೆ?"

ಗಾದ್ರಪ್ಪನಿಗೆ ಹಾಗೆ ಹೇಳಿದ ಹಿರಿಯರು ನೆನಪಾಗುವುದಿಲ್ಲ. "ಆಚೆ ಹೋದ್ರೆ ಈಚೆ ಬರಂಗಿಲ್ಲ," ಎನ್ನುತ್ತಾನೆ ಕೊನೆಗೆ. "ನೀನೇ ಹಾಕಿದ ಕಟ್ಟು ಅದು."

"ಗೊತ್ತೈತೆ."

ಪಾಪಕ್ಕನ ಕೈಯಿಂದ ಬಿಂದಿಗೆ ಇಸಿದುಕೊಳ್ಳುತ್ತಾಳೆ. ಕೋಲನ್ನು ಅತ್ತೆಯ ಕೈಗೆ ತುರುಕುತ್ತಾಳೆ. "ಮುಳ್ಳು ನೀ ನೋಡ್ಕ, ಅತ್ತೆ," ಎಂದವಳೇ ಕೊಂಬೆಗಳ ಮೇಲೆ ಕಾಲಿಟ್ಟು ಆಚೆ ಇಳಿದುಬಿಡುತ್ತಾಳೆ. ಜೋಗಮ್ಮ ಒಂದು ಕೈಯಲ್ಲಿ ಗಂಗಾಳ, ಒಂದು ಕೈಯಲ್ಲಿ ಕೋಲು ಹಿಡಿದು ಕಲ್ಲಾಗಿ ನಿಂತಿದ್ದಾಳೆ.

ಯರ್ರಮ್ಮ ಅಣ್ಣನನ್ನು ಎಬ್ಬಿಸುತ್ತಾಳೆ. ಎತ್ತುಗಳನ್ನು ಹಟ್ಟಿಯ ಮಗ್ಗುಲಿಗಿರುವ ಹಳ್ಳದ ಆಚೆ ದಂಡೆಗೆ, ಗಾಳಿ ಹಟ್ಟಿಯ ಕಡೆ ಬೀಸದ ಒಂದು ಹೊಂಗೆಯ ನೆರಳಿಗೆ ಹೊಡೆಸುತ್ತಾಳೆ. ಅಲ್ಲಿ ನೆಲ ಕೆರೆದು ಗುಂಡಿ ಮಾಡಿ, ಗುಂಡಿಯ ಮೇಲೆ ಒಂದೊಂದೇ ಗೊರಸು ಎತ್ತಿ ತೊಳೆಯುತ್ತಾಳೆ. ನೀರೆಲ್ಲ ಗುಂಡಿಗೆ ಇಳಿಯುತ್ತದೆ. ಬೆರಳು ಅದ್ದಿ ತನ್ನ ತಲೆಗೊಂದಿಷ್ಟು ಹಚ್ಚಿಕೊಂಡು, ಮೇಲೆ ಮಣ್ಣು ಎಳೆಯುತ್ತಾಳೆ. ಮುದಿ ಎತ್ತಿನ ಕೊರಳು ತಬ್ಬಿಕೊಂಡು ಎಷ್ಟೋ ಹೊತ್ತು ಹಾಗೇ ಇರುತ್ತಾಳೆ. ಈಚೆ ದಂಡೆಯಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ಅಳುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಯಾರೋ ಗಂಡಸು ಮೆಲ್ಲನೆ ನುಡಿಯುತ್ತಾನೆ. ಸೂರಪ್ಪ ರೊಪ್ಪಕ್ಕೆ ಹಿಂದಿರುಗುತ್ತಾನೆ.

ನಾನು ಬರಿಗಾಲಿನಲ್ಲಿ ತಳಕಿಗೆ ನಡೆದು ಬರುತ್ತೇನೆ. ಓದುಗರಿಗೆ ಇಲ್ಲಿಗೇ ಈ ಲೇಖನ ಮುಗಿಸಿ ಕಳುಹಿಸಬಹುದಿತ್ತು, ಪತ್ರಿಕೆಯವರು ಅವಸರ ಮಾಡುತ್ತಲೂ ಇದ್ದರು. ಮನಸ್ಸು ಒಪ್ಪುವುದಿಲ್ಲ. ಆಕೆ ಗೆದ್ದಳೋ ಸೋತಳೋ ತಿಳಿಯದೆ ಹೊಗಳಿ ಬರೆಯುವುದು ಹೇಗೆ? ಚಳ್ಳಕೆರೆಯಲ್ಲಿ ಬಿಡಾರ ಹೂಡಿ, ಸಂತೆಗೆ ಬಂದವರನ್ನೆಲ್ಲ ಹಿಡಿದು ಕೇಳುತ್ತೇನೆ. ಅಲ್ಲಿ ಇಷ್ಟು ಸತ್ತವು, ಇಲ್ಲಿ ರೊಪ್ಪ ಬರಿದಾಯಿತು ಎಂಬ ಸುದ್ದಿಯೇ. ಒಬ್ಬ ಕಂಬಳಿ ವ್ಯಾಪಾರಿ, "ಬಿಳಿಕಲ್ಲಹಟ್ಟೀದೂ ಮುಗೀತಂತೆ ಬಿಡ್ರಿ" ಎಂದು ಎಲೆಯಡಿಕೆ ಉಗುಳಿ ಹೋಗುತ್ತಾನೆ. ಅಂದು ನನಗೆ ಊಟ ಸೇರುವುದಿಲ್ಲ. ನಿಜವೋ ಸುಳ್ಳೋ, ಹೋಗಿ ನೋಡುವ ಧೈರ್ಯವೂ ಬರುವುದಿಲ್ಲ. ಅಮಾವಾಸ್ಯೆ ಕಳೆದ ಮೇಲೆ, ಈ ಸಲ ಗಾಡಿಯಿಲ್ಲದೆ, ಕಾಲ್ನಡಿಗೆಯಲ್ಲಿ ಹೊರಡುತ್ತೇನೆ.

ಮುಳ್ಳಿನ ಬೇಲಿ ಮೊದಲಿಗಿಂತ ಎತ್ತರವಾಗಿದೆ. ಅದರಾಚೆ ಕೂತಿರುವುದು ಜೋಗಮ್ಮ. "ಒಳಗಿನ ದನ?" ಎಂದು ಕೇಳುತ್ತೇನೆ. ಮುದುಕಿ ನನ್ನ ಕಾಲಿಗೆ ಬೂದಿನೀರು ಸುರಿಯುತ್ತಾಳೆ. ಸೊಸೆಗಿಂತ ಎರಡು ಪಟ್ಟು ಸುರಿಯುತ್ತಾಳೆ. ಆಮೇಲೆ ಗಲ್ಲದಿಂದ ಗುಡ್ಡದ ಕಡೆ ತೋರಿಸುತ್ತಾಳೆ. ಸೂರಪ್ಪ ರೊಪ್ಪದ ಬಾಗಿಲು ತೆಗೆದಿದ್ದಾನೆ. ಬಿಳಿ, ಕಂದು, ಮಾಸಲು ದನಗಳು ಒಂದರ ಹಿಂದೊಂದು ಮೇವಿಗೆ ಹೊರಟಿವೆ, ಒಂದು ಕರು ಬಾಲ ಎತ್ತಿಕೊಂಡು ಸುಮ್ಮಸುಮ್ಮನೆ ಓಡುತ್ತಿದೆ. ನನಗೆ ಅಲ್ಲೇ ಕೂತು ಅಳಬೇಕೆನಿಸುತ್ತದೆ, ಅಳುತ್ತೇನೆ ಕೂಡ.

"ಅಳೋದಾದ್ರೆ ಆಕಡೆ ಹೋಗಿ ಅಳ್ರಿ, ದನ ಬೆದರ್ತಾವೆ," ಎನ್ನುತ್ತಾಳೆ ಜೋಗಮ್ಮ.

ಹಳ್ಳದ ಈಚೆ ದಂಡೆಯಲ್ಲಿ ನಿಂತು ಕೂಗುತ್ತೇನೆ. ಹೊಂಗೆಯ ಕೆಳಗೆ ಸೋಗೆಯ ಒಂದು ಮರೆ, ಪಕ್ಕದಲ್ಲಿ ಕಲ್ಲು ಹೇರಿದ ಎರಡು ಮಣ್ಣಿನ ದಿಬ್ಬ. ಯರ್ರಮ್ಮ ಎದ್ದು ಬರುತ್ತಾಳೆ. ಗುರುತು ಸಿಗದಷ್ಟು ಬಡವಾಗಿದ್ದಾಳೆ. ಅಣ್ಣ ಎಳೆಯ ಹೋರಿಗೆ ಸೊಪ್ಪು ತಿನ್ನಿಸುತ್ತಿದ್ದಾನೆ. ಹೋರಿಯ ಪಕ್ಕೆಲುಬು ಎದ್ದು ಕಾಣುತ್ತವೆ, ಆದರೆ ಕಣ್ಣು ಒಣಗಿವೆ, ಬಾಯಿ ಆಡುತ್ತಿದೆ.

"ದೊಡ್ಡದು ಮೊದ್ಲು ಹೋತು, ಆಮ್ಯಾಲೆ ಇನ್ನೊಂದು," ಎನ್ನುತ್ತಾಳೆ. ದೇವರೆತ್ತು ಸತ್ತರೆ ಸುತ್ತಿನ ಹಟ್ಟಿಗಳೆಲ್ಲ ಬಂದು ಮುಟ್ಟಿ ನಮಸ್ಕರಿಸಿ ಮಣ್ಣು ಮಾಡಬೇಕು. ಜಂಪಣ್ಣ ಎಲ್ಲರಿಗೂ ಹೇಳಿಕಳಿಸೋಣ ಎಂದು ಹಟ ಹಿಡಿದನಂತೆ. "ಬಂದೋರೆಲ್ಲ ಕೈಯಾಗೆ ಹೊತ್ಕಂಡು ಹೋಗ್ತಾರಣ್ಣ, ಬ್ಯಾಡ ಅಂದೆ. ಅವನು ಅತ್ತ, ನಾ ಗುಂಡಿ ತೋಡಿದೆ. ಆಮ್ಯಾಲೆ ನಾ ಅತ್ತೆ, ಅವನು ಮಣ್ಣೆಳೆದ. ಇಬ್ಬರೇ." ಮುದಿ ಎತ್ತಿಗೆ ಸಿಗಬೇಕಾಗಿದ್ದ ಮರ್ಯಾದೆ ಸಿಗಲಿಲ್ಲವೆಂಬ ನೋವು ಇನ್ನೂ ಹೋಗಿಲ್ಲ. ಹೇಳುವಾಗ ದಿಬ್ಬದ ಕಡೆ ನೋಡುವುದಿಲ್ಲ.

ಅಷ್ಟರಲ್ಲಿ ನನ್ನ ಹಿಂದೆ ಗಾದ್ರಪ್ಪ ಬರುತ್ತಾನೆ, ಜೊತೆಗೆ ಹಟ್ಟಿಯ ನಾಲ್ಕಾರು ಮಂದಿ. ಪಾಪಕ್ಕನ ಕೈಯಲ್ಲಿ ಮಡಿಚಿದ ಒಂದು ಒಗೆದ ಸೀರೆ. ಗಾದ್ರಪ್ಪ ಕೆಮ್ಮುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ, ಆಮೇಲೆ ಹಳ್ಳದಾಚೆಗೆ ಕೂಗುತ್ತಾನೆ. "ಯರ್ರವ್ವಾ, ಹಟ್ಟಿ ಎಲ್ಲಾ ಕೂಡಿ ಮಾತಾಡೀವಿ. ಒಳಗಿನ ದನ ಚೆಂದಾಗವೆ. ಆ ಬಟ್ಟೆ ಸುಟ್ಟು, ಮೈ ತೊಳಕಂಡು ಇದನ್ನ ಉಟ್ಕಂಡು ಬಾ. ಇವತ್ತು ಸಂಜಿಗೆ ನಿನ್ನ ಮುಂದೆ ಮಾಡಿ ದನಾನ ರೊಪ್ಪಕ್ಕೆ ಹೊಡಕಂಡು ಬರ್ತೀವಿ. ನಿಮ್ಮಣ್ಣನೂ ಬರ್ಲಿ."

"ಹೋರಿ?"

ಗಾದ್ರಪ್ಪ ಹೋರಿಯ ಕಡೆ ನೋಡುತ್ತಾನೆ. ಬೇನೆಯಿಂದ ಎದ್ದ ದನ ಎಷ್ಟು ದಿನ ಬೇನೆ ಹೊತ್ತಿರುತ್ತದೆ ಎಂಬುದು ಅವನಿಗೂ ತಿಳಿಯದು, ಇವಳಿಗೂ ತಿಳಿಯದು. "ಅದು ಇನ್ನೊಂದು ತಿಂಗಳು ಅಲ್ಲೇ ಇರ್ಲಿ," ಎನ್ನುತ್ತಾನೆ. "ಅದಕ್ಕೆ ನೀರು ಹುಲ್ಲು ಹಾಕಾಕೆ ಯಾರನ್ನಾದ್ರೂ ಇಡಾನ. ನೀ ಬಾರವ್ವ, ಸಾಕು."

ಯರ್ರಮ್ಮ ಹಿಂದಿರುಗಿ ಹೋರಿಯನ್ನು ನೋಡುತ್ತಾಳೆ. ಅದು ತಲೆ ತಗ್ಗಿಸಿ ಸೊಪ್ಪು ಅಗಿಯುತ್ತಿದೆ.

"ಬಾಗಲಿಗೆ ಬಂದದ್ದನ್ನ ತಡದೋಳು ನಾನು ಮಾವಾ," ಎನ್ನುತ್ತಾಳೆ. "ಅದು ಒಳಗೆ ಬರೋ ದಿನ ನಾನೂ ಬರ್ತೀನಿ."